ಮುಚ್ಚಳಿಕೆ ಬರೆಸಿದ್ದೆವು, ಆದರೂ ಲಗ್ನ ಆಯಿತು. ನಮ್ಮ ಮಕ್ಕಳ ಸಮಿತಿಗೆ ಏನು ಅಧಿಕಾರ ಇದೆ?

ಪ್ರಶ್ನೆ: ಅಕ್ಕಾರೆ, ನಮಸ್ಕಾರ. ನಾನು ಯಾದಗಿರಿ ಜಿಲ್ಲೆ ಸುರಪುರ ತಾಲೂಕಿನ ಒಂದು ಗ್ರಾಮ ಪಂಚಾಯಿತಿಯ ಅಧ್ಯಕ್ಷೆ. ಮೊದಲ ಸಲ ಆರಿಸಿ ಬಂದವಳು. ಓದಿದ್ದು ಹತ್ತನೇ ತರಗತಿವರೆಗೆ. ಅಧ್ಯಕ್ಷೆ ಆದ ಮೇಲೆ ಪಂಚಾಯಿತಿಯ ಮಕ್ಕಳ ರಕ್ಷಣಾ ಸಮಿತಿಗೂ ನೀವೇ ಅಧ್ಯಕ್ಷರು ಅಂದರು. ಒಂದು ವರ್ಷದಲ್ಲಿ ನಾನು ಕಂಡ ಸಭೆ ಎರಡೇ. ಉಳಿದಂತೆ ರಿಜಿಸ್ಟರ್ ಮನೆಗೇ ಬರುತ್ತದೆ, ಸಹಿ ಮಾಡುತ್ತೇನೆ. ಎರಡು ತಿಂಗಳ ಹಿಂದೆ ಒಂಬತ್ತನೇ ತರಗತಿ ಓದುವ 15 ವರ್ಷದ ಹುಡುಗಿಗೆ ಲಗ್ನ ನಿಕ್ಕಿ ಆಗಿದೆ ಎಂದು ಅಂಗನವಾಡಿ ಕಾರ್ಯಕರ್ತೆ ಬಂದು ಹೇಳಿದರು. ನಾವು ಐದಾರು ಜನ ಮನೆಗೆ ಹೋದೆವು. 18 ತುಂಬುವವರೆಗೆ ಲಗ್ನ ಮಾಡುವುದಿಲ್ಲ ಎಂದು ಅಪ್ಪನ ಕೈಯಲ್ಲಿ ಬಾಂಡ್ ಪೇಪರ್ ಮೇಲೆ ಮುಚ್ಚಳಿಕೆ ಬರೆಸಿಕೊಂಡೆವು. ಅದರ ಫೋಟೊ ಊರಿನ ವಾಟ್ಸಾಪ್ ಗ್ರೂಪಿನಲ್ಲೂ ಹಾಕಿದೆವು. ಎಂಟೇ ದಿನಕ್ಕೆ ರಾತ್ರಿ ಹೊತ್ತು ಹುಡುಗಿಯನ್ನು ನದಿ ದಾಟಿಸಿ ರಾಯಚೂರು ಕಡೆ ಒಯ್ದು ಗುಡಿಯಲ್ಲಿ ತಾಳಿ ಕಟ್ಟಿಸಿದರು. ಈಗ ಅರ್ಧ ಊರು ನಾನು ದುಡ್ಡು ತಿಂದು ಸುಮ್ಮನಾದೆ ಅನ್ನುತ್ತದೆ, ಹುಡುಗಿ ಮನೆಯವರು ನಮ್ಮ ಮಾನ ಕಳೆದಳು ಅನ್ನುತ್ತಾರೆ. ಸದಸ್ಯರು, ನಮಗೇನು ಅಧಿಕಾರ ಇದೆ, ಬಿಡಿ ಅನ್ನುತ್ತಾರೆ. ನನ್ನ ಮೇಲೆ ಕೇಸ್ ಬೀಳುತ್ತದಾ? ಸಭೆಗೆ ನನ್ನ ಬದಲು ಯಜಮಾನರು ಹೋಗುತ್ತಾರೆ, ಅದು ಸರಿನಾ? ಈ ಸಮಿತಿಯನ್ನು ನಡೆಸುವುದಾದರೂ ಹೇಗೆ?

ಉತ್ತರ:

ತಂಗಿ, ನಿಮ್ಮ ಪತ್ರ ಎರಡು ಸಲ ಓದಿದೆ. ಅಧಿಕಾರ ಏನು ಎಂದು ಕೇಳಿದ್ದೀರಿ. ಆದರೆ ಪತ್ರದ ತುಂಬ ಇರುವುದು ಆ ಹುಡುಗಿ ಕೈ ಜಾರಿದಳಲ್ಲ ಎಂಬ ಸಂಕಟ. ನಾನು ಕಲಬುರಗಿಯಲ್ಲಿ ಆರು ವರ್ಷ ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಕೂತವಳು. ಈಗ ಪಂಚಾಯಿತಿ ಸಮಿತಿಗಳಿಗೆ ತರಬೇತಿ ಕೊಡುತ್ತೇನೆ. ನಿಮ್ಮ ಹಾಗೆ ಮುಚ್ಚಳಿಕೆ ಬರೆಸಿಕೊಂಡು, ಕೆಲಸ ಆಯಿತು ಎಂದು ಮನೆಗೆ ಬಂದು, ವಾರದ ಮೇಲೆ ಲಗ್ನ ಆದ ಸುದ್ದಿ ಕೇಳಿದವರು ನಮ್ಮ ಕಡೆಯ ಜಿಲ್ಲೆಗಳಲ್ಲಿ ತುಂಬಾ ಜನ ಇದ್ದಾರೆ. ಅವರಲ್ಲಿ ಹೆಚ್ಚಿನವರು ಒಳ್ಳೆಯ ಮನಸ್ಸಿನಿಂದಲೇ ಹೋದವರು.

ಮೊದಲು ಹೆಸರಿನ ಗೊಂದಲ ಬಿಡಿಸೋಣ, ಯಾಕೆಂದರೆ ಅರ್ಧ ತೊಂದರೆ ಅಲ್ಲಿಂದಲೇ ಶುರು. ಮೂರು ಬೇರೆ ಬೇರೆ ವ್ಯವಸ್ಥೆಗಳನ್ನು ನಮ್ಮ ಜನ "ಮಕ್ಕಳ ಸಮಿತಿ" ಎಂದು ಒಂದೇ ಮಾಡುತ್ತಾರೆ. ನಿಮ್ಮದು ಪಂಚಾಯಿತಿ ಮಟ್ಟದ ಮಕ್ಕಳ ರಕ್ಷಣಾ ಸಮಿತಿ, ಕೆಲವು ಕಡೆ ಕಾವಲು ಸಮಿತಿ ಅನ್ನುತ್ತಾರೆ. ಜಿಲ್ಲೆಯಲ್ಲಿ ಇರುವುದು ಮಕ್ಕಳ ಕಲ್ಯಾಣ ಸಮಿತಿ. ಅದು 2015ರ ಬಾಲನ್ಯಾಯ ಕಾಯ್ದೆಯಡಿ ಆದದ್ದು. ಅಧ್ಯಕ್ಷರು ಸೇರಿ ಐದು ಜನ, ತಿಂಗಳಿಗೆ ಕನಿಷ್ಠ 20 ದಿನ ಕೂರಬೇಕು, ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರಿಗೆ ಇರುವ ಅಧಿಕಾರ ಅದಕ್ಕೆ ಇದೆ. ಮೂರನೆಯದು ಬೆಂಗಳೂರಿನಲ್ಲಿರುವ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ಅದು 2005ರ ಬೇರೆ ಕಾಯ್ದೆಯದು, ವ್ಯವಸ್ಥೆಯೇ ಕೆಲಸ ಮಾಡದಿದ್ದಾಗ ಅಲ್ಲಿಗೆ ದೂರು ಕೊಡಬಹುದು.

ಅಂದರೆ ನಿಮ್ಮ ಸದಸ್ಯರು ಹೇಳಿದ್ದರಲ್ಲಿ ಸ್ವಲ್ಪ ನಿಜ ಇದೆ. ಮಗು ಎಲ್ಲಿ ಇರಬೇಕು, ಯಾರ ಹತ್ತಿರ ಇರಬೇಕು ಎಂದು ಆದೇಶ ಮಾಡುವ ಅಧಿಕಾರ ನಿಮಗಿಲ್ಲ. ದಂಡ ಹಾಕುವ ಹಾಗಿಲ್ಲ, ರಾಜಿ ಮಾಡಿಸುವ ಹಾಗಿಲ್ಲ. ಆದರೆ ಅದಕ್ಕೆ "ಬಿಡಿ" ಅನ್ನುವುದು ತಪ್ಪು. ನಿಮ್ಮ ಸಮಿತಿಗೆ ಇರುವಂಥದ್ದು ಜಿಲ್ಲೆಯಲ್ಲಿ ಕೂತ ನಮಗೆ ಯಾವತ್ತೂ ಇರಲಿಲ್ಲ. ಯಾವ ಮನೆಯಲ್ಲಿ ಏನು ನಡೆದಿದೆ ಎಂದು ಮೊದಲು ಗೊತ್ತಾಗುವುದು ನಿಮಗೆ. ನನ್ನ ಮುಂದೆ ಬಂದು ನಿಂತ ಮಕ್ಕಳಲ್ಲಿ ಹೆಚ್ಚಿನವರ ವಿಷಯ ಆರು ತಿಂಗಳು, ಒಂದು ವರ್ಷ ಮೊದಲೇ ಊರಲ್ಲಿ ಯಾರಿಗೋ ಗೊತ್ತಿತ್ತು. ಗೊತ್ತಿದ್ದದ್ದು ನಮ್ಮ ತನಕ ಬಂದಿರಲಿಲ್ಲ, ಅಷ್ಟೇ. ನಿಮ್ಮ ಸಮಿತಿಯ ಕೆಲಸವೇ ಅದು. ಬೇಗ ತಿಳಿದುಕೊಳ್ಳುವುದು, ಮಗುವನ್ನು ಸರಿಯಾದ ಕೈಗೆ ಮುಟ್ಟಿಸುವುದು. ಲಗ್ನದ ವಾರ ಎಚ್ಚರಾಗುವ ಸಮಿತಿ ಎಷ್ಟು ಓಡಿದರೂ ತಡವಾಗಿಯೇ ಮುಟ್ಟುತ್ತದೆ.

ಈಗ ಆ ಮುಚ್ಚಳಿಕೆ ವಿಷಯ. ಬಾಂಡ್ ಪೇಪರ್ ಮೇಲೆ ಬರೆದರೆ ಕಾನೂನಿನ ತಡೆ ಬಂದಂತೆ ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದಾರೆ. ಬರಲ್ಲ. ಅಪ್ಪ ಮಾತು ಕೊಟ್ಟ ಎಂಬುದಕ್ಕೆ ಅದು ಸಾಕ್ಷಿ ಮಾತ್ರ. ನಿಜವಾದ ತಡೆ ಬೇಕಾದರೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ದಾರಿ ಇದೆ. ಬಾಲ್ಯವಿವಾಹ ನಿಷೇಧಾಧಿಕಾರಿ ಅಥವಾ ವಿಷಯ ತಿಳಿದ ಯಾರೇ ಆದರೂ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಿ ತಡೆಯಾಜ್ಞೆ ತರಬಹುದು. ಆ ಆಜ್ಞೆ ಮೀರಿ ಲಗ್ನ ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ತಹಸೀಲ್ದಾರರು, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಮುಖ್ಯಗುರುಗಳು ಇವರನ್ನೆಲ್ಲ ನಮ್ಮ ರಾಜ್ಯದಲ್ಲಿ ನಿಷೇಧಾಧಿಕಾರಿ ಎಂದೇ ಗುರುತಿಸಿದ್ದಾರೆ. ನಿಮ್ಮ ಆಫೀಸಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರುವ ಪಿಡಿಒ ಅವರಿಗೇ ಈ ಜವಾಬ್ದಾರಿ ಇದೆ. ಎಷ್ಟೋ ಪಿಡಿಒಗಳಿಗೇ ಇದು ನೆನಪಿರುವುದಿಲ್ಲ, ನೀವೇ ನೆನಪಿಸಿ.

ಇನ್ನೊಂದು ಮಾತು ನಿಮ್ಮೂರಲ್ಲಿ ಯಾರಾದರೂ ಹೇಳಿಯೇ ಇರುತ್ತಾರೆ: "ತಾಳಿ ಬಿದ್ದ ಮೇಲೆ ಮುಗೀತು, ಇನ್ನು ಯಾರೂ ಏನೂ ಮಾಡಂಗಿಲ್ಲ." ಇದು ಸುಳ್ಳು. ಕರ್ನಾಟಕದಲ್ಲಿ 2016ರ ತಿದ್ದುಪಡಿ ಜಾರಿಗೆ ಬಂದ ಮೇಲೆ ನಡೆದ ಬಾಲ್ಯವಿವಾಹ ಮೊದಲ ದಿನದಿಂದಲೇ ಅಸಿಂಧು. ಕಾನೂನಿನ ಕಣ್ಣಲ್ಲಿ ಆ ಲಗ್ನ ಆಗಿಯೇ ಇಲ್ಲ. ಹುಡುಗಿಯ ಜೀವನಾಂಶದ ಹಕ್ಕು ಹೋಗುವುದಿಲ್ಲ, ಮಗು ಹುಟ್ಟಿದ್ದರೆ ಆ ಮಗುವೂ ಕಾನೂನುಬದ್ಧವೇ. ಆಧಾರ್ ಕಾರ್ಡಿನಲ್ಲಿ 18 ಎಂದು ತಿದ್ದಿಸಿಕೊಂಡು ಬರುವವರೂ ಇದ್ದಾರೆ. ಮಕ್ಕಳ ಕಲ್ಯಾಣ ಸಮಿತಿ ಮುಂದೆ ಅದು ನಡೆಯುವುದಿಲ್ಲ. ವಯಸ್ಸಿಗೆ ಮೊದಲು ನೋಡುವುದು ಶಾಲೆಯ ದಾಖಲೆ ಅಥವಾ ಹತ್ತನೇ ತರಗತಿ ಅಂಕಪಟ್ಟಿ, ಅದಿಲ್ಲದಿದ್ದರೆ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಹಾಗಾಗಿ ಮುಖ್ಯಗುರುಗಳ ಹತ್ತಿರ ಇರುವ ದಾಖಲಾತಿ ಪುಸ್ತಕ ನಿಮ್ಮ ದೊಡ್ಡ ಬಲ.

ನೀವು ಮಾಡಿದ್ದರಲ್ಲಿ ಒಂದು ನಿಜವಾದ ತಪ್ಪಿದೆ, ಅದನ್ನು ಮುಚ್ಚಿಡದೆ ಹೇಳುತ್ತೇನೆ. ವಾಟ್ಸಾಪ್ ಗ್ರೂಪಿಗೆ ಹಾಕಿದ ಫೋಟೊ. ಅದರಲ್ಲಿ ಹುಡುಗಿಯ ಹೆಸರು, ಅಪ್ಪನ ಹೆಸರು, ಮನೆ ಎಲ್ಲಾ ಇತ್ತಲ್ವಾ? ರಕ್ಷಣೆ ಬೇಕಾದ ಮಗುವಿನ ಗುರುತು ಹೊರಗೆ ಹಾಕಿದರೆ ಬಾಲನ್ಯಾಯ ಕಾಯ್ದೆಯಡಿ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಹೆದರಿಸಲು ಹೇಳುತ್ತಿಲ್ಲ. ಇವತ್ತೇ ಅದನ್ನು ಗ್ರೂಪಿನಿಂದ ತೆಗೆಸಿ, ಬೇರೆಯವರು ಫಾರ್ವರ್ಡ್ ಮಾಡಿದ್ದರೆ ಅವರಿಗೂ ಹೇಳಿ. ಕಾನೂನಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ನನಗೆ ಅನಿಸುವುದು, ಆ ಮನೆಯವರನ್ನು ರಾತ್ರೋರಾತ್ರಿ ನದಿ ದಾಟಿಸಿದ್ದು ಆ ಫೋಟೊನೇ. ಮನೆ ಒಳಗೆ ಕೊಟ್ಟ ಮಾತನ್ನು ಅಪ್ಪ ಒಂದು ವೇಳೆ ಉಳಿಸಿಕೊಳ್ಳುತ್ತಿದ್ದನೇನೋ. ಊರೆಲ್ಲಾ ನೋಡಿದ ಮೇಲೆ ಅದು ಮಾನದ ಪ್ರಶ್ನೆ ಆಯಿತು. ಬೀಗರು "ನಿಮ್ಮ ಮನಿ ಸುದ್ದಿ ಮೊಬೈಲ್‌ನಾಗ ಬಂದದ" ಎಂದು ಫೋನ್ ಮಾಡಿರುತ್ತಾರೆ. ಆಮೇಲೆ ಅವಸರ ಶುರು.

ನಿಮ್ಮ ಯಜಮಾನರು ಸಭೆಗೆ ಹೋಗುವ ವಿಷಯವೂ ಇಲ್ಲೇ ಸೇರುತ್ತದೆ. ಸರಿ ಅಲ್ಲ, ತಂಗಿ. ಆರಿಸಿ ಬಂದವರು ನೀವು ಎಂಬುದು ಒಂದು. ಇನ್ನೊಂದು, ಸಮಿತಿಯಲ್ಲಿ ಇಲ್ಲದವರ ಕಿವಿಗೆ ಮಗುವಿನ ವಿಷಯ ಬೀಳಬಾರದು. ಹೆಣ್ಣುಮಗುವಿನ ಮೇಲೆ ದೌರ್ಜನ್ಯ ಆಗಿದ್ದರೆ ಆ ತಾಯಿ ಬಂದು ನಿಮ್ಮ ಹತ್ತಿರ ಹೇಳಬಲ್ಲಳು. ಅಧ್ಯಕ್ಷೆಯ ಗಂಡನ ಮುಂದೆ ಹೇಳುವುದಿಲ್ಲ. ಹತ್ತನೇ ತರಗತಿ ಓದಿದ್ದು ಕಡಿಮೆ ಆಯಿತು ಅನ್ನಬೇಡಿ. ಸಭೆ ನಡೆಸಲು ಬೇಕಾದದ್ದು ನಾಲ್ಕು ಪ್ರಶ್ನೆ: ಹೋದ ಸಲ ಯಾರು ಏನು ಮಾಡುತ್ತೇನೆ ಅಂದಿದ್ದರು, ಮಾಡಿದರಾ, ಹೊಸದಾಗಿ ಯಾವ ಮಗುವಿನ ಚಿಂತೆ ಇದೆ, ಅದನ್ನು ಯಾರು ಯಾವತ್ತಿನೊಳಗೆ ನೋಡುತ್ತಾರೆ. ಈ ನಾಲ್ಕನ್ನು ಕೇಳಿ, ಉತ್ತರ ಬರೆಸಿ. ಬರೆಯುವುದು ಕಷ್ಟವಾದರೆ ಪಿಡಿಒ ಅಥವಾ ಗ್ರಂಥಾಲಯದ ಮೇಲ್ವಿಚಾರಕರು ಬರೆಯಲಿ. ಕೇಳುವವರು ಮಾತ್ರ ನೀವಾಗಿರಿ.

ರಿಜಿಸ್ಟರ್ ಬಗ್ಗೆ ಒಂದು ಅನುಭವ ಹೇಳುತ್ತೇನೆ. ಒಂದು ಪಂಚಾಯಿತಿಯಲ್ಲಿ ಸಮಿತಿಯ ಪುಸ್ತಕ ತೆಗೆಸಿ ನೋಡಿದೆ. ಹನ್ನೆರಡು ತಿಂಗಳ ಹನ್ನೆರಡು ಸಭೆ, ಎಲ್ಲಾ ಸಹಿ ಒಂದೇ ನೀಲಿ ಪೆನ್ನಿನಲ್ಲಿ. ಪ್ರತಿ ಸಭೆಯ ನಡಾವಳಿ "ಚರ್ಚಿಸಿ ತೀರ್ಮಾನಿಸಲಾಯಿತು" ಎಂಬ ಒಂದೇ ಸಾಲು. ದೀಪಾವಳಿಯಿಂದ ಯುಗಾದಿವರೆಗೆ ಪುಣೆಯಲ್ಲಿ ಬಿಲ್ಡಿಂಗ್ ಕೆಲಸಕ್ಕೆ ಹೋಗಿದ್ದ ಸದಸ್ಯೆಯೊಬ್ಬರ ಸಹಿ ಡಿಸೆಂಬರ್, ಜನವರಿ, ಫೆಬ್ರವರಿ ಮೂರರಲ್ಲೂ ಇತ್ತು. ಅದೇ ಮೂರು ತಿಂಗಳಲ್ಲಿ ಆ ಊರಿನ ಇಬ್ಬರು ಮಕ್ಕಳು ಶಾಲೆ ಬಿಟ್ಟಿದ್ದರು. ಅವರ ಹೆಸರು ಆ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಮನೆಗೆ ಬರುವ ರಿಜಿಸ್ಟರಿಗೆ ಇನ್ನು ಮೇಲೆ ಸಹಿ ಮಾಡಬೇಡಿ. ಸಭೆ ಆಗದಿದ್ದರೆ "ಈ ತಿಂಗಳು ಸಭೆ ಆಗಿಲ್ಲ" ಎಂದು ಬರೆದು ಅದಕ್ಕೆ ಸಹಿ ಹಾಕಿ.

ಸಭೆಗೆ ಒಂದು ದಿನ ಗಟ್ಟಿ ಮಾಡಿ. ತಿಂಗಳ ಕೊನೆಯ ಗುರುವಾರ ಮಧ್ಯಾಹ್ನ ಮೂರಕ್ಕೆ ಅಂತಿಟ್ಟುಕೊಳ್ಳಿ, ನಿಮಗೆ ಯಾವುದು ಅನುಕೂಲವೋ ಅದು. ನೋಟಿಸ್ ಬಂದಾಗ ಬರುತ್ತೇವೆ ಅನ್ನುವವರು ಬರಲ್ಲ. ದಿನ ಗೊತ್ತಿದ್ದರೆ ಅಂಗನವಾಡಿ ಕಾರ್ಯಕರ್ತೆ, ಆಶಾ, ಮುಖ್ಯಗುರುಗಳು, ಬೀಟ್ ಪೊಲೀಸ್ ತಮ್ಮ ಕೆಲಸ ಹೊಂದಿಸಿಕೊಳ್ಳುತ್ತಾರೆ. ತಾಂಡಾ ಇದ್ದರೆ ಅಲ್ಲಿಯ ಒಬ್ಬ ಹೆಣ್ಣುಮಗಳು, ಕೇರಿಯ ಒಬ್ಬರು ಕಡ್ಡಾಯವಾಗಿ ಸಮಿತಿಯಲ್ಲಿ ಇರಲಿ. ಊರ ದೊಡ್ಡವರೇ ತುಂಬಿದ ಸಮಿತಿಗೆ ತಾಂಡಾದ ಸುದ್ದಿ ಬರುವುದೇ ಇಲ್ಲ. ಪ್ರೌಢಶಾಲೆಯ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನೂ ಸೇರಿಸಿಕೊಳ್ಳಿ. ಒಬ್ಬೊಬ್ಬರ ಪ್ರಕರಣ ಮಾತಾಡುವಾಗ ಅವರನ್ನು ಹೊರಗೆ ಕಳಿಸಿ, ಉಳಿದ ಹೊತ್ತು ಕೂರಿಸಿ. ಕ್ಲಾಸಿನಲ್ಲಿ ಯಾರ ಜಾಗ ಖಾಲಿ ಇದೆ ಎಂದು ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ. ಯಾವುದಾದರೂ ಪ್ರಕರಣ ಸದಸ್ಯರ ನೆಂಟರದ್ದೇ ಆಗಿದ್ದರೆ ಆ ಸದಸ್ಯರು ಆವತ್ತಿನ ಚರ್ಚೆಗೆ ಕೂರಬಾರದು, ಇದನ್ನು ಮೊದಲ ಸಭೆಯಲ್ಲೇ ನಿಯಮ ಮಾಡಿಬಿಡಿ. ಆಮೇಲೆ ಹೇಳಿದರೆ ಜಗಳ ಆಗುತ್ತದೆ.

ಪುಸ್ತಕ ಎರಡು ಇಡಿ. ಒಂದು ನಡಾವಳಿ ಪುಸ್ತಕ, ಅದನ್ನು ಯಾರು ಬೇಕಾದರೂ ನೋಡಬಹುದು. ಅದರಲ್ಲಿ ಮಕ್ಕಳ ಹೆಸರು ಇರಬಾರದು, "ಪ್ರಕರಣ 4, ಶಾಲೆ ಬಿಟ್ಟ ಮಗು, ಮುಖ್ಯಗುರುಗಳು ಸೋಮವಾರದೊಳಗೆ ಮನೆ ಭೇಟಿ" ಎಂಬಷ್ಟೇ ಇರಲಿ. ಇನ್ನೊಂದು ಸಣ್ಣ ನೋಟ್‌ಬುಕ್, ಬೀರುವಿನಲ್ಲಿ ಬೀಗದೊಳಗೆ. ಪ್ರಕರಣ 4 ಯಾವ ಮಗು ಎಂಬುದು ಅದರಲ್ಲಿ ಮಾತ್ರ.

ಇನ್ನು ಇದೆಲ್ಲಾ ಯಾಕೆ ಆಗುತ್ತದೆ ಎಂಬುದಕ್ಕೆ ಬರುತ್ತೇನೆ. ಹೊರಗಿನಿಂದ ಬಂದವರು ಹೇಳುವುದು ಒಂದೇ ಮಾತು, ಅಜ್ಞಾನ ಅಂತ. ನಾನು ಒಪ್ಪುವುದಿಲ್ಲ. 18 ತುಂಬಬೇಕು ಎಂಬುದು ನಮ್ಮ ಊರುಗಳಲ್ಲಿ ಗೊತ್ತಿಲ್ಲದವರು ಯಾರಿದ್ದಾರೆ? ಗೊತ್ತಿದ್ದೂ ಮಾಡುತ್ತಾರೆ. ಒಮ್ಮೆ ಚಿಂಚೋಳಿ ಕಡೆಯ ಒಬ್ಬ ತಾಯಿ ನನ್ನ ಮುಂದೆ ಕೂತು ಕೇಳಿದಳು: "ಮೇಡಂ, ನಾವು ಗಂಡ ಹೆಂಡ್ತಿ ದೀಪಾವಳಿ ಮುಗದ ಮ್ಯಾಲ ದುಡಿಲಾಕ ಮುಂಬೈಗಿ ಹೋಗ್ತೀವಿ. ಈ ವಯಸ್ಸಿನ ಹುಡುಗೀನ ಯಾರ ಹತ್ರ ಬಿಟ್ಟು ಹೋಗ್ಲಿ? ಅಲ್ಲಿ ಒಯ್ದರ ತಗಡಿನ ಶೆಡ್ಡು, ಬಾಗಲಿಗಿ ಚಿಲಕ ಇಲ್ಲ. ಇಲ್ಲಿ ಬಿಟ್ರ ಮುದುಕಿಗಿ ಕಣ್ಣು ಕಾಣಲ್ಲ. ಲಗ್ನ ಮಾಡಿದ್ರ ಒಂದು ಮನಿ ಅಂತ ಆಗ್ತದ." ಇದಕ್ಕೆ ಕಾನೂನು ಪುಸ್ತಕ ಓದಿ ಹೇಳಿದರೆ ಏನು ಉಪಯೋಗ? ಆಕೆಗೆ ಬೇಕಾಗಿದ್ದು ಆರು ತಿಂಗಳು ಮಗಳು ಸುರಕ್ಷಿತವಾಗಿ ಇರುವ ಒಂದು ಜಾಗ. ಅದನ್ನು ಜೂನ್‌ನಲ್ಲೇ ಯಾರಾದರೂ ಹಾಸ್ಟೆಲ್ ಅರ್ಜಿ ಹಾಕಿಸಿ ಕೊಡಿಸಿದ್ದರೆ ಆ ಮಾತುಕತೆ ನಡೆಯುತ್ತಲೇ ಇರಲಿಲ್ಲ.

ಇನ್ನೂ ಕಾರಣಗಳಿವೆ. ಏಳನೇ ತರಗತಿ ಮುಗಿದ ಮೇಲೆ ಪ್ರೌಢಶಾಲೆ ನಾಲ್ಕೈದು ಕಿಲೋಮೀಟರ್ ದೂರ, ಬಸ್ ಇಲ್ಲ, ಟಂಟಂ ಆಟೊದಲ್ಲಿ ಗಂಡಸರ ನಡುವೆ ಹುಡುಗಿ ಹೋಗಬೇಕು. ಅಕ್ಕನ ಲಗ್ನದ ಚಪ್ಪರದಲ್ಲೇ ತಂಗಿಯದೂ ಮುಗಿಸಿದರೆ ಒಂದೇ ಖರ್ಚು. ವಯಸ್ಸು ಹೆಚ್ಚಿದ ಹಾಗೆ ವರದಕ್ಷಿಣೆಯೂ ಹೆಚ್ಚು. ಹುಡುಗಿ ಯಾರ ಜೊತೆಗೋ ಫೋನಿನಲ್ಲಿ ಮಾತಾಡಿದ್ದು ಕಂಡರೆ ಹದಿನೈದು ದಿನದಲ್ಲಿ ಸೋದರಮಾವನಿಗೆ ಗಂಟು ಹಾಕುವುದು. ಹತ್ತಿ ಬಿಡಿಸುವ ಕಾಲಕ್ಕೆ ಮಕ್ಕಳನ್ನು ಶಾಲೆ ಬಿಡಿಸಿ ಹೊಲಕ್ಕೆ ಒಯ್ಯುವುದು, ಹಾಗೆ ಎರಡು ತಿಂಗಳು ತಪ್ಪಿದ ಮಗು ವಾಪಸ್ ಹೋಗಲು ನಾಚಿಕೊಳ್ಳುವುದು, ಶಾಲೆ ಬಿಟ್ಟ ಹುಡುಗಿಗೆ ಗಂಡು ನೋಡುವುದು. ಇದೆಲ್ಲಾ ಒಂದಕ್ಕೊಂದು ಕೊಂಡಿ.

ಅದಕ್ಕೇ ಹೇಳುವುದು, ನಿಮ್ಮ ಸಮಿತಿಯ ಕ್ಯಾಲೆಂಡರ್ ಊರಿನ ಕ್ಯಾಲೆಂಡರ್ ಆಗಬೇಕು. ಮೇ, ಜೂನ್‌ನಲ್ಲಿ ಏಳನೇ, ಎಂಟನೇ, ಹತ್ತನೇ ಮುಗಿಸಿದ ಪ್ರತಿ ಹುಡುಗಿ ಮುಂದೆ ಎಲ್ಲಿ ಸೇರಿದಳು ಎಂದು ಹೆಸರು ಹಿಡಿದು ನೋಡಿ. ಹಾಸ್ಟೆಲ್, ಕಸ್ತೂರಬಾ ವಿದ್ಯಾಲಯ, ಮೊರಾರ್ಜಿ ಶಾಲೆ, ಯಾವುದಕ್ಕೆ ಅರ್ಜಿ ಹಾಕಬಹುದೋ ಹಾಕಿಸಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹತ್ತಿ ಹೊಲದ ಮೇಲೆ ಕಣ್ಣು. ಒಂದು ವಾರ ಸತತವಾಗಿ ಬರದ ಮಗುವಿನ ಹೆಸರನ್ನು ಮುಖ್ಯಗುರುಗಳು ನಿಮಗೆ ಕೊಡಲಿ. 14 ವರ್ಷದ ಒಳಗಿನವರನ್ನು ದುಡಿಮೆಗೆ ಹಚ್ಚುವುದು ಅಪರಾಧ ಎಂದು ಟಂಟಂ ತುಂಬ ಕೂಲಿಗಳನ್ನು ತುಂಬಿಕೊಂಡು ಹೋಗುವ ಮೇಸ್ತ್ರಿಗೂ, ಹೊಲದ ಮಾಲೀಕರಿಗೂ ಸೀಸನ್‌ಗೆ ಮೊದಲೇ ಹೇಳಿ. ಶಾಲೆ ಮುಗಿಸಿ ಬಂದು ಸ್ವಂತ ಹೊಲದಲ್ಲಿ ಅಪ್ಪ ಅಮ್ಮನಿಗೆ ಕೈಜೋಡಿಸಿದರೆ ಅದು ಬೇರೆ, ಅದಕ್ಕೆ ಯಾರನ್ನೂ ಹೆದರಿಸಬೇಡಿ. ದಸರಾ ಹೊತ್ತಿಗೆ ಗುಳೆ ಹೋಗುವ ಮನೆಗಳ ಪಟ್ಟಿ ಮಾಡಿ, ಮಕ್ಕಳು ಇಲ್ಲೇ ಉಳಿಯುತ್ತಾರಾ, ಯಾರ ಹತ್ತಿರ, ಜೊತೆಗೆ ಹೋದರೆ ಯಾವ ಊರಿಗೆ ಎಂದು ಬರೆದುಕೊಳ್ಳಿ. ಗುಳೆ ಹೋಗುವ ಮಕ್ಕಳಿಗೆ ಸೀಸನಲ್ ಹಾಸ್ಟೆಲ್ ಬೇಕು ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಬರೆಯುವುದೂ ಆ ಹೊತ್ತಿಗೇ, ಗುಳೆ ಹೋದ ಮೇಲೆ ಅಲ್ಲ. ಯುಗಾದಿಯಿಂದ ಬಸವ ಜಯಂತಿ, ಅಕ್ಷಯ ತೃತೀಯದವರೆಗೆ ಲಗ್ನದ ಸುಗ್ಗಿ. ಅಕ್ಷಯ ತೃತೀಯದ ದಿನ ಜಿಲ್ಲಾಧಿಕಾರಿಯವರಿಗೇ ನಿಷೇಧಾಧಿಕಾರಿಯ ಹೊಣೆಯನ್ನು ಕಾಯ್ದೆ ಕೊಟ್ಟಿದೆ. ಊರಿನ ಶಾಮಿಯಾನದವರು, ಲಗ್ನಪತ್ರಿಕೆ ಪ್ರಿಂಟ್ ಮಾಡುವವರು, ಪುರೋಹಿತರು, ಜಂಗಮರು, ಖಾಜಿ ಸಾಹೇಬರು ಎಲ್ಲರನ್ನೂ ಒಂದು ತಿಂಗಳು ಮೊದಲೇ ಕರೆದು ಮಾತಾಡಿ. ಲಗ್ನ ಮಾಡಿಸಿದವರಿಗೂ ಶಿಕ್ಷೆ ಇದೆ ಎಂಬುದು ಅವರಲ್ಲಿ ಕೆಲವರಿಗೆ ಗೊತ್ತಿರುವುದಿಲ್ಲ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಗಂಡ ಸತ್ತ ತಾಯಿ, ಅಜ್ಜಿ ಹತ್ತಿರ ಬೆಳೆಯುವ ಅನಾಥ ಮಗು, ದೊಡ್ಡ ಕಾಯಿಲೆಯಲ್ಲಿ ಬಿದ್ದ ಅಪ್ಪ, ಇಂಥ ಮನೆಗಳಿಗೆ ಮಿಷನ್ ವಾತ್ಸಲ್ಯ ಎಂಬ ಸರ್ಕಾರಿ ಯೋಜನೆಯಲ್ಲಿ ಪ್ರಾಯೋಜಕತ್ವ ಎಂಬ ನೆರವಿದೆ. ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಹಳ್ಳಿಯಲ್ಲಿ ಮನೆಯ ವರ್ಷದ ಆದಾಯ 72,000 ದಾಟಿರಬಾರದು. ಅರ್ಜಿ ಹೋಗುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ನಿಮ್ಮ ಪಂಚಾಯಿತಿಯಲ್ಲಿ ಇಂಥ ಮನೆ ಎಷ್ಟಿವೆ ಎಂದು ಆಶಾ ಒಂದು ಸಂಜೆಯಲ್ಲಿ ಹೇಳಿಬಿಡುತ್ತಾರೆ. ಕೂಲಿಗೆ ಹೋಗುವ ತಾಯಂದಿರ ಸಣ್ಣ ಮಕ್ಕಳಿಗೆ ಕೂಸಿನ ಮನೆ (ಪಂಚಾಯಿತಿಯ ಶಿಶುಪಾಲನಾ ಕೇಂದ್ರ) ಇದ್ದರೆ, ತಮ್ಮನನ್ನು ಎತ್ತಿಕೊಂಡು ಮನೆಯಲ್ಲಿ ಕೂತ ಅಕ್ಕ ಶಾಲೆಗೆ ಹೋಗುತ್ತಾಳೆ. ಇದನ್ನು ಪಂಚಾಯಿತಿ ಸಭೆಯಲ್ಲಿ ನೀವೇ ಕೇಳಬಹುದು, ಅಧ್ಯಕ್ಷೆ ನೀವು.

ಇನ್ನೊಂದು ಬಾಲ್ಯವಿವಾಹದ ಸುದ್ದಿ ಬಂದರೆ ಏನು ಮಾಡಬೇಕು? ಲಗ್ನಕ್ಕೆ ಇನ್ನೂ ತಿಂಗಳುಗಟ್ಟಲೆ ಇದ್ದರೆ ಮಾತಾಡುವುದೇ ಒಳ್ಳೆಯದು. ಐದಾರು ಜನ ಹೋಗಬೇಡಿ, ಆ ಮನೆಯವರು ನಂಬುವ ಒಬ್ಬರು, ಶಾಲೆಯ ಒಬ್ಬ ಟೀಚರ್, ಇಷ್ಟೇ ಸಾಕು. ಅಪಾಯ ಏನೆಂದರೆ ಮಾತಿಗೆ ಹೂಂ ಅಂದು ದಿನ ಮುಂದೆ ತಂದುಕೊಳ್ಳುತ್ತಾರೆ. ಅದಕ್ಕೆ ಮಾತಿಗೆ ಹೋಗುವ ಮೊದಲೇ ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಿ ಹೋಗಿ. ಈಗ ಆ ಸಹಾಯವಾಣಿಯನ್ನು ತುರ್ತು ಸಂಖ್ಯೆ 112ರ ಜೊತೆ ಸೇರಿಸಿದ್ದಾರೆ. ನಿಮ್ಮ ಹೆಸರು ಗುಟ್ಟಾಗಿ ಇಡಿ ಎಂದು ಕೇಳಿಕೊಳ್ಳಬಹುದು. ದಿನ ಹತ್ತಿರ ಇದ್ದರೆ ಪಿಡಿಒ ಅಥವಾ ಸಿಡಿಪಿಒ ಮೂಲಕ ತಡೆಯಾಜ್ಞೆ. ಇದು ಗಟ್ಟಿ ದಾರಿ, ಆದರೆ ಒಂದೆರಡು ದಿನ ಓಡಾಟ ಬೇಕು, ಆ ಮನೆಯವರ ಸಿಟ್ಟು ತಪ್ಪಿದ್ದಲ್ಲ. ಇವತ್ತು ರಾತ್ರಿಯೇ ಒಯ್ಯುತ್ತಾರೆ ಎಂಬ ಅನುಮಾನ ಇದ್ದರೆ ಕಾಯಬೇಡಿ. ಲಗ್ನದ ಅಪಾಯದಲ್ಲಿರುವ ಮಗುವನ್ನು ರಕ್ಷಣೆ ಬೇಕಾದ ಮಗು ಎಂದೇ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಪೊಲೀಸರು ಅಥವಾ ಸಹಾಯವಾಣಿಯವರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ತರುತ್ತಾರೆ, ಪ್ರಯಾಣದ ಹೊತ್ತು ಬಿಟ್ಟು. ಇದರ ಕಷ್ಟವನ್ನೂ ಹೇಳಬೇಕು: ಹುಡುಗಿ ಕೆಲವು ದಿನ ಬಾಲಮಂದಿರದಲ್ಲಿ ಇರಬೇಕಾಗಬಹುದು, ಅಳುತ್ತಾಳೆ, ಅವ್ವ ಬೇಕು ಅನ್ನುತ್ತಾಳೆ. ಬಾಲಮಂದಿರಕ್ಕೆ ಹಾಕಿದರೆ ಎಲ್ಲಾ ಸರಿ ಹೋಯಿತು ಎಂದುಕೊಳ್ಳಬೇಡಿ. ಕಾಯ್ದೆಯೇ ಅದನ್ನು ಕೊನೆಯ ದಾರಿ ಅನ್ನುತ್ತದೆ. ಮನೆ ಸುರಕ್ಷಿತ ಆದ ದಿನ ಮಗು ಮನೆಗೆ ಬರಬೇಕು. ಮನೆ ಸುರಕ್ಷಿತ ಇದೆಯಾ ಎಂದು ನೋಡಿ ಹೇಳಬಲ್ಲವರು ಮತ್ತೆ ನೀವೇ.

ಊರಲ್ಲೇ ಬಗೆಹರಿಸಿ ಎಂದು ಠಾಣೆಯಿಂದ ಯಾರಾದರೂ ಹೇಳಿದರೆ ಬಾಯಿಮಾತಿಗೆ ಬಿಡಬೇಡಿ. ಎರಡು ಸಾಲು ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಎಂದು ಒಬ್ಬರಿರಬೇಕು, ಅವರ ಹೆಸರು ಫೋನ್ ನಂಬರ್ ನಿಮ್ಮ ಸಮಿತಿಯ ಗೋಡೆ ಮೇಲೆ ಇರಲಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಮಾತಿದ್ದರಂತೂ ಕಟ್ಟೆ ಪಂಚಾಯಿತಿ, ರಾಜಿ, ಪರಿಹಾರದ ದುಡ್ಡು ಯಾವುದಕ್ಕೂ ಸಮಿತಿ ಕೂರಲೇಬಾರದು. ಅದು ನೇರ ಪೊಲೀಸರಿಗೆ ಹೋಗಬೇಕಾದದ್ದು.

ನಿಮ್ಮ ಮೇಲೆ ಕೇಸ್ ಬೀಳುತ್ತದಾ ಎಂದಿರಿ. ತಿಳಿಸಿದ್ದಕ್ಕೆ ಬೀಳುವುದಿಲ್ಲ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ, ರಕ್ಷಣೆ ಕೊಡುತ್ತದೆ. ಆಗಲೇ ಹೇಳಿದ ಆ ಫೋಟೊ ಬಿಟ್ಟರೆ, ಬೀಳಬಹುದಾದದ್ದು ಗೊತ್ತಿದ್ದೂ ಸುಮ್ಮನಿದ್ದದ್ದಕ್ಕೆ. ಇಲ್ಲಿಗೆ ಬಂದಾಗ ಆ ಹುಡುಗಿಯ ವಿಷಯವನ್ನು ನಾವು ಮುಗಿದ ಕಥೆ ಎಂದು ಬಿಡುವ ಹಾಗಿಲ್ಲ. 15 ವರ್ಷದ ಮಗು ಗಂಡನ ಮನೆಯಲ್ಲಿದೆ. 18ರೊಳಗಿನ ಹೆಂಡತಿ ಎಂದ ಮಾತ್ರಕ್ಕೆ ಗಂಡನಿಗೆ ವಿನಾಯಿತಿ ಇಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಸುಮ್ಮನಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಹಲವು ಸಲ ನೋಡಿದ್ದೇನೆ. ಒಂದು ವರ್ಷದಲ್ಲಿ ಹುಡುಗಿ ಬಸುರಿಯಾಗಿ ಆಸ್ಪತ್ರೆಗೆ ಬರುತ್ತಾಳೆ, ವಯಸ್ಸು ನೋಡಿ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು, ಅತ್ಯಂತ ಕಷ್ಟದ ಹೊತ್ತಿನಲ್ಲಿ ಕೇಸು, ಹೇಳಿಕೆ, ಅಲೆದಾಟ ಎಲ್ಲಾ ಆಕೆಯ ತಲೆ ಮೇಲೆ ಬರುತ್ತದೆ. ತಿಳಿಸಿದರೂ ನೋವಿದೆ. ಅಪ್ಪನ ಮೇಲೆ, ತಾಳಿ ಕಟ್ಟಿದವನ ಮೇಲೆ ಎಫ್ಐಆರ್ ಆಗಬಹುದು, ಅದು ನಿಮ್ಮ ಕೈಯಲ್ಲಿಲ್ಲ. ಬಾಲ್ಯವಿವಾಹ ಮಾಡಿಸಿದ ತಪ್ಪಿಗೆ ಹೆಂಗಸರಿಗೆ ಜೈಲು ಶಿಕ್ಷೆ ಇಲ್ಲ ಎಂದು ಕಾಯ್ದೆ ಹೇಳುತ್ತದೆ, ಆ ತಾಯಿಗೆ ಇದು ಗೊತ್ತಾದರೆ ಮಗಳ ಪರ ಬಾಯಿ ಬಿಡಲು ಸ್ವಲ್ಪ ಧೈರ್ಯ ಬರಬಹುದು. ಎರಡನ್ನೂ ತೂಗಿ ನೋಡಿ ಹೇಳುತ್ತಿದ್ದೇನೆ, ತಿಳಿಸಿ.

ನನ್ನ ಮುಂದೆ ಹೀಗೇ ಲಗ್ನವಾದ 16 ವರ್ಷದ ಒಬ್ಬ ಹುಡುಗಿ ಬಂದಿದ್ದಳು. ಕೊರಳಲ್ಲಿ ಹೊಸ ಅರಿಶಿನದ ದಾರ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಎಷ್ಟು ಕೇಳಿದರೂ ಗಂಡನ ಬಗ್ಗೆ, ಅಪ್ಪನ ಬಗ್ಗೆ ಒಂದು ಮಾತಿಲ್ಲ. ಕೊನೆಗೆ ಕೇಳಿದ್ದು ಒಂದೇ: "ಪರೀಕ್ಷಾ ಫೀಸು ಕಟ್ಟೋ ದಿನ ಮುಗದದೇನ್ರಿ ಮೇಡಂ?" ಮುಗಿದಿರಲಿಲ್ಲ, ಎರಡು ದಿನ ಉಳಿದಿತ್ತು. ಆ ಎರಡು ದಿನದಲ್ಲಿ ಆಕೆಯ ಶಾಲೆಯ ಟೀಚರ್ ಓಡಾಡಿ ಫೀಸು ಕಟ್ಟಿದರು. ಆಕೆ ಪರೀಕ್ಷೆ ಬರೆದಳು.

ಹಾಗಾಗಿ ನಾಳೆ ಬೆಳಗ್ಗೆ ಮೂರು ಕೆಲಸ ಮಾಡಿ. 1098ಕ್ಕೆ ಫೋನ್ ಮಾಡಿ ಹುಡುಗಿಯ ವಯಸ್ಸು, ಈಗ ಇರುವ ಊರು ಹೇಳಿ. ಯಾದಗಿರಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ, ಅದರ ಪ್ರತಿ ಮಕ್ಕಳ ಕಲ್ಯಾಣ ಸಮಿತಿಗೆ, ಮುಚ್ಚಿದ ಲಕೋಟೆಯಲ್ಲಿ ಒಂದು ಪತ್ರ ಕೊಡಿ. ಯಾವತ್ತು ಸುದ್ದಿ ಬಂತು, ಯಾರು ಹೋದಿರಿ, ಏನು ಬರೆಸಿಕೊಂಡಿರಿ, ಯಾವತ್ತು ಲಗ್ನ ಆಯಿತು, ಇದ್ದದ್ದು ಇದ್ದ ಹಾಗೆ. ಮುಚ್ಚಳಿಕೆಯ ಮೂಲ ಪ್ರತಿ ಜೋಪಾನ ಮಾಡಿ. ರಾಯಚೂರು ಜಿಲ್ಲೆಯ ಅಧಿಕಾರಿಗಳ ಜೊತೆ ಮಾತಾಡುವುದು ಆ ಘಟಕದ, ಸಮಿತಿಯ ಕೆಲಸ. ನೀವಾಗಿ ಆ ಊರಿಗೆ ಹೋಗಬೇಡಿ, ಇನ್ನೊಂದು ಸಲ ಜಾಗ ಬದಲಿಸುತ್ತಾರೆ. ಅಲ್ಲಿಂದ ಸೀದಾ ಶಾಲೆಗೆ ಹೋಗಿ, "ಆ ಹುಡುಗಿಯ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆಯಬೇಡಿ, ಟಿಸಿ ಕೇಳಿಕೊಂಡು ಯಾರಾದರೂ ಬಂದರೆ ಮೊದಲು ನನಗೆ ಫೋನ್ ಮಾಡಿ" ಎಂದು ಮುಖ್ಯಗುರುಗಳಿಗೆ ಹೇಳಿ ಬನ್ನಿ.